ಚಳಿಗೆ ಮುನ್ನ ಆಯಿಲ್ ಬದಲಿಸಬೇಕೇ?

ನಮ್ಮ ಕರಾವಳಿಯಲ್ಲಿ ಕಾರಿನ ಆಯಿಲ್ ಬದಲಿಸಲು ಯಾರೂ ಋತು ನೋಡುವುದಿಲ್ಲ. ಆದರೆ ಕೆನಡಾದ ವಿನಿಪೆಗ್‌ನಂತಹ ನಗರದಲ್ಲಿ ಸಂಸಾರ ಹೂಡಿದ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಅಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿಗೂ ಇಳಿಯುವುದುಂಟು. ಮಗುವನ್ನು ಕೂರಿಸಿಕೊಂಡು ಹೊರಟಾಗ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಏನು ಗತಿ?

ಚಳಿಗೆ ನಮ್ಮ ತೆಂಗಿನೆಣ್ಣೆ ಹೆಪ್ಪುಗಟ್ಟುವುದನ್ನು ನೀವು ಕಂಡಿದ್ದೀರಿ. ಎಂಜಿನ್ ಆಯಿಲ್ ಅಷ್ಟು ಬೇಗ ಗಟ್ಟಿಯಾಗದಿದ್ದರೂ ಮಂದವಾಗುತ್ತದೆ, ಬೇಕಾದ ಕಡೆಗೆ ತಡವಾಗಿ ತಲಪುತ್ತದೆ. ಡಬ್ಬಿಯ ಮೇಲಿನ 5ಡಬ್ಲ್ಯೂ-30 ಎಂಬುದರಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಅಂದರೆ ಚಳಿಗಾಲ. ಅದಕ್ಕೆ ಮೊದಲಿರುವ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. (5 ಎಂದರೆ 5 ಡಿಗ್ರಿ ಎಂದಲ್ಲ!)

ಕೈಪಿಡಿಯಲ್ಲಿ ಆ ಚಳಿಗೆಂದು ಹೇಳಿದ ಆಯಿಲ್ಲೇ ಕಾರಿನಲ್ಲಿದ್ದು, ಅವಧಿಯೂ ಬಾಕಿ ಇದ್ದರೆ ಚಳಿಯ ಹೆಸರಲ್ಲಿ ಬದಲಿಸುವುದು ದುಂದುವೆಚ್ಚ. ಆಯಿಲ್ ಅದಕ್ಕಿಂತ ಮಂದವಾದುದಾಗಿದ್ದರೆ ಅಥವಾ ಅವಧಿ ನಡುಚಳಿಯಲ್ಲಿ ಮುಗಿಯುವಂತಿದ್ದರೆ ಅಕ್ಟೋಬರಿನಲ್ಲೇ ಮಾಡಿಸಿಬಿಡಿ. ಹಿಮದಲ್ಲಿ ಗ್ಯಾರೇಜಿಗೆ ಅಲೆಯುವುದು ತಪ್ಪುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದು. ಶಾಲೆಗೆ, ಅಂಗಡಿಗೆ ಎಂದು ಐದೈದು ನಿಮಿಷ ಓಡುವ ಕಾರಿನ ಎಂಜಿನ್ ಚಳಿಗಾಲದಲ್ಲಿ ಪೂರ್ತಿ ಬಿಸಿಯೇ ಆಗುವುದಿಲ್ಲ. ಉರಿಯದ ಪೆಟ್ರೋಲ್ ಮತ್ತು ನೀರಿನ ಪಸೆ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಸೇರಿಕೊಳ್ಳುತ್ತವೆ. ಗೃಹಿಣಿಯರು ಓಡಿಸುವ ಕಾರುಗಳ ಪಾಡು ಹೆಚ್ಚಾಗಿ ಇದೇ. ಕಿಲೋಮೀಟರ್ ಆಗಿಲ್ಲವಲ್ಲ ಎಂದು ಗಂಡಸರು ಮುಂದೂಡುತ್ತಾರೆ. ಆದರೆ ಎಷ್ಟೋ ಕೈಪಿಡಿಗಳು ಇಂತಹ ಓಡಾಟವನ್ನು ಕಠಿಣ ಬಳಕೆ ಎಂದೇ ಪರಿಗಣಿಸಿ, ಆಯಿಲ್ ಬೇಗ ಬದಲಿಸಲು ಹೇಳುತ್ತವೆ. ಆ ಪುಟ ತೆರೆದು ಅವರ ಮುಂದಿಡಿ.