ಗೇಟಿನ ಒಳಗೊಂದು ಕುಲುಮೆ, ಹೊರಗೊಂದು ಸಿಲೆಬಸ್

ಕುರೆಕುಪ್ಪದ ಪಕ್ಕದಲ್ಲೇ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಇದೆ. ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು ಉಕ್ಕು ತಯಾರಿಸಬಲ್ಲ ಕಾರ್ಖಾನೆ. ಅತ್ತ ಬಳ್ಳಾರಿ, ಇತ್ತ ಹೊಸಪೇಟೆ, ಎರಡೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ. ಇಷ್ಟು ಹತ್ತಿರದ ನೆಂಟಸ್ತಿಕೆ ನಮ್ಮ ರಾಜ್ಯದಲ್ಲಿ ಎಷ್ಟು ಕಡೆ ಸಿಕ್ಕೀತು ಹೇಳಿ?

ಆದರೆ ನಮ್ಮಲ್ಲಿ 'ಉದ್ಯಮ-ವಿಶ್ವವಿದ್ಯಾಲಯ ಸಹಯೋಗ' ಅಂದರೆ ಸಾಮಾನ್ಯವಾಗಿ ಏನು? ಒಂದು ಒಪ್ಪಂದಕ್ಕೆ ಸಹಿ, ಶಾಲು-ಹಾರ, ಒಂದು ಗ್ರೂಪ್ ಫೋಟೋ. ಆಮೇಲೆ ಹುಡುಗರಿಗೆ ಹೆಲ್ಮೆಟ್ ಹಾಕಿಸಿ ಅರ್ಧ ದಿನ ಸುತ್ತಾಡಿಸಿದರೆ ಮುಗೀತು. ವಿಟಿಯು ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದು ಒಳ್ಳೇದೇ. ಆದರೆ ಎಷ್ಟೋ ಕಡೆ ಅದೂ ದುಡ್ಡು ಕೊಟ್ಟು ತರುವ ಸರ್ಟಿಫಿಕೇಟ್ ಆಗಿಬಿಟ್ಟಿದೆ.

ಹಿಂದಿನವರು ಇದನ್ನ ಬೇರೆ ಥರ ಯೋಚಿಸಿದ್ದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು. ಕಲಿಕೆ, ಕಾರ್ಖಾನೆ ಎರಡೂ ಒಂದೇ ಯೋಜನೆಯ ಎರಡು ಕೈ ಅಂತ ಅವರಿಗೆ ಗೊತ್ತಿತ್ತು. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. 1973ರ ತಿದ್ದುಪಡಿಯಲ್ಲಿ ಡಿಗ್ರಿ, ಡಿಪ್ಲೊಮಾ ಮುಗಿಸಿದವರನ್ನೂ ಅದರೊಳಗೆ ಸೇರಿಸಿದರು. ಅಂದರೆ ಕಾನೂನಿಗೇನೂ ಬರ ಇಲ್ಲ!

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದು ಮೂರು.

ಒಂದು, ಹುಡುಗರಿಗಿಂತ ಮೊದಲು ಮೇಷ್ಟ್ರು ಗೇಟಿನೊಳಗೆ ಹೋಗಲಿ. ಬ್ಲಾಸ್ಟ್ ಫರ್ನೇಸ್ ಹತ್ತಿರ ಒಂದು ಸೆಮಿಸ್ಟರ್ ನಿಂತು ಬಂದವರು ಪಾಠ ಮಾಡುವ ರೀತಿಯೇ ಬದಲಾಗುತ್ತೆ.

ಎರಡು, ಫೈನಲ್ ಇಯರ್ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರೋದು ನಿಲ್ಲಲಿ. ಸಮಸ್ಯೆಗಳು ಕಾಲಡಿಯಲ್ಲೇ ಬಿದ್ದಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ, ಕಬ್ಬಿಣದ ಅಂಶ ಕಡಿಮೆಯಿರುವ ಅದಿರನ್ನೂ ಶುದ್ಧೀಕರಿಸಿ ಬಳಸುವುದು ಎಷ್ಟು ಮುಖ್ಯ ಅಂತ ಎಲ್ಲರಿಗೂ ಗೊತ್ತಾಯಿತು. ಹಾಗೆ ತೊಳೆದ ಮೇಲೆ ಉಳಿಯುವ ಕೆಸರನ್ನು ಏನು ಮಾಡೋದು? ಕುಲುಮೆಯ ಸ್ಲ್ಯಾಗ್ ಸಿಮೆಂಟಿಗೆ ಹೋಗುತ್ತೆ, ಬೇರೆ ಇನ್ನೆಲ್ಲಿ ಬಳಸಬಹುದು? ಇವು ನಿಜವಾದ ಪ್ರಾಜೆಕ್ಟುಗಳು.

ಮೂರನೆಯದೇ ಕಷ್ಟದ್ದು. ಕಾಲೇಜು ಕಂಪನಿಯ ಟ್ರೈನಿಂಗ್ ಸೆಂಟರ್ ಆಗಬಾರದು. ಅದಿರು ಲಾರಿಗಳು ಓಡಾಡುವ ರಸ್ತೆ ಪಕ್ಕದ ಊರುಗಳಲ್ಲಿ ಧೂಳು ಎಷ್ಟಿದೆ, ಬೋರ್‌ವೆಲ್ ನೀರು ಹೇಗಿದೆ ಅಂತ ವಿದ್ಯಾರ್ಥಿಗಳು ಅಳೆಯಲಿ. ಬಂದ ಲೆಕ್ಕ ಯಾರಿಗೆ ಇಷ್ಟವಾಗಲಿ ಬಿಡಲಿ, ಪ್ರಕಟಿಸುವ ಹಕ್ಕು ಕಾಲೇಜಿಗೆ ಇರಲಿ. ಇದು ಒಪ್ಪಂದದ ಮೊದಲ ಪುಟದಲ್ಲೇ ಇರಬೇಕು. ಕಂಪನಿಗೂ ಇದರಿಂದ ಲಾಭವೇ. ಊರಿನವರು ನಂಬೋದು ಕಂಪನಿಯ ಜಾಹೀರಾತನ್ನಲ್ಲ, ತಮ್ಮೂರ ಹುಡುಗಿ ಅಳೆದು ತಂದ ಲೆಕ್ಕವನ್ನ.

ಭೂಮಿ ಇಲ್ಲಿಯದು, ಅದಿರು ಇಲ್ಲಿಯದು, ಧೂಳೂ ಇಲ್ಲಿಯದೇ. ಇಂಜಿನಿಯರುಗಳು ಮಾತ್ರ ಹೊರಗಿನಿಂದ ಬರಬೇಕಾ? ನೀವೇನಂತೀರಿ?