ಓಡದ ನೋಟಿನ ಓದು

ಕಲಬುರಗಿ, ರಾಯಚೂರು, ಬೀದರ್ ಕಡೆ ಒಂದು ಕಾಲದಲ್ಲಿ ದುಡ್ಡಿಗೆ ಎರಡು ಹೆಸರಿದ್ದವು: ಹಾಲಿ ಮತ್ತು ಕಲ್ದಾರ್. ಹಾಲಿ ಎಂದರೆ ಹೈದರಾಬಾದ್ ನಿಜಾಮರ ರೂಪಾಯಿ. ಕಲ್ದಾರ್ ಬ್ರಿಟಿಷ್ ಸರ್ಕಾರದ್ದು. ಏಳು ಹಾಲಿಗೆ ಸುಮಾರು ಆರು ಕಲ್ದಾರ್ ಎಂಬುದು ಲೆಕ್ಕ. 1959ರಲ್ಲಿ ಹಾಲಿ ರೂಪಾಯಿ ರದ್ದಾಯಿತು. ಅಂಥದೊಂದು ನೋಟು ಹಳೆಯ ಟ್ರಂಕಿನಲ್ಲಿ ಸಿಕ್ಕಾಗ ‘ಇದಕ್ಕೀಗ ಎಷ್ಟು ಬರುತ್ತೆ?’ ಎಂದಷ್ಟೇ ಕೇಳಿ ಸುಮ್ಮನಾದರೆ ಸಿಗಬೇಕಾದ ಸುಖದಲ್ಲಿ ಅರ್ಧ ಹೋದ ಹಾಗೆ. ಹಳೆಯ ನೋಟು ಓಡುವುದಿಲ್ಲ, ನಿಜ. ಆದರೆ ಅದನ್ನು ಓದಬಹುದು.

ಓದುವುದು ಹೇಗೆ? ಮೊದಲು ಭಾಷೆ ನೋಡಿ. ಹೈದರಾಬಾದ್ ನೋಟುಗಳಲ್ಲಿ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಮೊತ್ತ ಅಚ್ಚಾಗಿದೆ. ಕಚೇರಿ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಸಂತೆ ನಡೆಯುತ್ತಿದ್ದದ್ದು ಉಳಿದ ಮೂರರಲ್ಲಿ. ನೋಟು ಎರಡೂ ಕಡೆ ಸಲ್ಲಬೇಕಿತ್ತು. ಆಮೇಲೆ ಇಸವಿ. 1331ರಂಥ ಅಂಕಿ ಕಂಡರೆ ಗಾಬರಿ ಬೇಡ, ಅದು ಫಸಲಿ ವರ್ಷ. 590 ಕೂಡಿಸಿ, 1921ರ ಆಸುಪಾಸಿಗೆ ಬಂದು ನಿಲ್ಲುತ್ತೀರಿ.

ಕೊನೆಗೆ ಕೇಳಬೇಕಾದದ್ದು, ಈ ನೋಟು ಬಂದದ್ದಾದರೂ ಯಾಕೆ? ನಿಜಾಮರ ಸರ್ಕಾರ ಹತ್ತು ಮತ್ತು ನೂರು ರೂಪಾಯಿಯ ನೋಟು ತಂದದ್ದು 1918ರಲ್ಲಿ. ಅದಕ್ಕೆ ಸ್ವಲ್ಪ ಮೊದಲು, 1917ರ ನವೆಂಬರ್ 30ರಂದು, ಬ್ರಿಟಿಷ್ ಭಾರತದ ಮೊದಲ ಒಂದು ರೂಪಾಯಿ ನೋಟು ಬಂದಿತ್ತು. ಬೆನ್ನಿಗೇ ಎರಡೂವರೆ ರೂಪಾಯಿಯದೂ ಬಂತು. ಎರಡೂ ಕಡೆ ಇದ್ದದ್ದು ಮೊದಲ ಮಹಾಯುದ್ಧದ ಕಾಲದ ಬೆಳ್ಳಿಯ ಅಭಾವ. ಬೆಳ್ಳಿ ತುಟ್ಟಿಯಾದಾಗ ನಾಣ್ಯವನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. ಆಗ ಸರ್ಕಾರ ಕಾಗದವನ್ನು ಮುಂದೊಡ್ಡಿತು. 1917ರ ಆ ಒಂದು ರೂಪಾಯಿ ನೋಟು ಚೆಕ್ ಪುಸ್ತಕದಂತೆ 25ರ ಕಟ್ಟಾಗಿ ಬರುತ್ತಿತ್ತು. ಒಂದೊಂದನ್ನೇ ಹರಿದು ಕೊಡಬೇಕು. ಅಂಚು ತುಸು ಜುಂಗಾಗಿದ್ದರೆ ಅದು ದೋಷವಲ್ಲ, ಹುಟ್ಟುಗುರುತು.

ಒಂದು ರೂಪಾಯಿ ನೋಟಿನ ಇನ್ನೊಂದು ಗುಟ್ಟು ಇವತ್ತಿಗೂ ಪರೀಕ್ಷಿಸಬಹುದು. ಹತ್ತರ ನೋಟಿನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರರ ಸಹಿಯಿದೆ, ಹಣ ಕೊಡುತ್ತೇನೆಂಬ ವಚನವಿದೆ. ಒಂದರ ನೋಟಿನಲ್ಲಿ ಆ ವಚನವಿಲ್ಲ. ಸಹಿ ಕೇಂದ್ರದ ಹಣಕಾಸು ಕಾರ್ಯದರ್ಶಿಯದು. ಯಾಕೆಂದರೆ ಅದನ್ನು ಹೊರಡಿಸುವುದು ಬ್ಯಾಂಕಲ್ಲ, ಸರ್ಕಾರ. ಕಾನೂನಿನ ಕಣ್ಣಲ್ಲಿ ಅದು ಕಾಗದದ ನಾಣ್ಯ.

ಒಂದು ನೋಟಿನ ಜಾಡು ಹಿಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೀರೆಂದು ಹೇಳಲಾಗದು. ಹೈದರಾಬಾದ್ ನೋಟುಗಳು ಆಗ ಅಚ್ಚಾಗುತ್ತಿದ್ದದ್ದು ಇಂಗ್ಲೆಂಡಿನಲ್ಲಿ. 1922ರ ಮೇ 20ರಂದು ಲಂಡನ್ನಿಂದ ಮುಂಬೈಗೆ ಹೊರಟಿದ್ದ ‘ಈಜಿಪ್ಟ್’ ಹಡಗು ಫ್ರಾನ್ಸಿನ ತೀರದಾಚೆ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹತ್ತು ವರ್ಷದ ಮೇಲೆ ಇಟಲಿಯ ಮುಳುಗುಗಾರರು ಅದರ ಚಿನ್ನ, ಬೆಳ್ಳಿಯನ್ನು ಮೇಲೆತ್ತಿದಾಗ ನಿಜಾಮರ ನೋಟುಗಳೂ ಬಂದವು. ಚಲಾವಣೆಯ ಮುಖವನ್ನೇ ಕಾಣದೆ ಸಮುದ್ರದ ತಳದಲ್ಲಿ ಕೂತಿದ್ದ ಆ ಕಾಗದ ಇಂದು ಸಂಗ್ರಾಹಕರ ಕಣ್ಮಣಿ.

ಶುರು ಮಾಡುವವರಿಗೆ ಎರಡು ಎಚ್ಚರಿಕೆ. ಒಂದು, ‘786 ಇರುವ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ’ ಎನ್ನುವವರನ್ನು ನಂಬಬೇಡಿ. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಹಣ ಕೀಳುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಎರಡು, 2016ರಲ್ಲಿ ರದ್ದಾದ 500, 1000ದ ನೋಟುಗಳಿಗೆ ಕಾನೂನಿನ ಮಿತಿಯಿದೆ. 2017ರ ಕಾಯ್ದೆಯಂತೆ ಸಾಮಾನ್ಯರು ಒಟ್ಟು ಹತ್ತನ್ನು ಮೀರಿ ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆ 25ರವರೆಗೆ ಅವಕಾಶ.

ಇದು ಶ್ರೀಮಂತರ ಹವ್ಯಾಸವೇ ಆಗಬೇಕಿಲ್ಲ. ಗರಿಗರಿ ನೋಟಿಗೆ ಬೆಲೆ ಹೆಚ್ಚು ನಿಜ; ಓದಲು ಮಾತ್ರ ಸವೆದ ನೋಟೇ ವಾಸಿ. ಅದನ್ನು ಇಸ್ತ್ರಿ ಮಾಡಬೇಡಿ, ಟೇಪು ಅಂಟಿಸಬೇಡಿ. ನಾಲ್ಕು ಮಡಿಕೆಯ ಗೆರೆ ಯಾರದೋ ಸೊಂಟದ ಚೀಲದ್ದು. ಪಕ್ಕದ ಎರಡು ಸಣ್ಣ ತೂತು ಬ್ಯಾಂಕಿನವರು ಕಟ್ಟಿಗೆ ಪಿನ್ನು ಹೊಡೆದದ್ದು. ಆ ತೂತು ಮುಚ್ಚಿದರೆ ಓದಲು ಎರಡು ಅಕ್ಷರ ಕಡಿಮೆಯಾಗುತ್ತದೆ.