ಕಳ್ಳನ ಗುರುತು ಹೇಳದೆಯೂ ಕಾಯುವ ಕಾವಲು

ನಿಟ್ಟೂರಿನ ಕಡೆಯ ಕುಟುಂಬವೊಂದು ಮಗಳ ಮದುವೆಗೆಂದು ತೆಂಗಿನ ತೋಟವನ್ನು ಮಾರಲು ಹೊರಟರೆ ಮೊದಲು ಬೇಕಾಗುವುದು ಋಣಭಾರ ಪತ್ರ. ಜನರ ಬಾಯಲ್ಲಿ ಅದು ಇ.ಸಿ. ಈಗ ಅದನ್ನು 'ಕಾವೇರಿ-೨' ಎಂಬ ಸರ್ಕಾರಿ ಗಣಕ ವ್ಯವಸ್ಥೆಯ ಮೂಲಕವೇ ಪಡೆಯಬಹುದಾಗಿದೆ. ೨೦೨೫ರ ಜನವರಿಯಲ್ಲಿ ಈ ವ್ಯವಸ್ಥೆ ಕುಂಟಿತು. ರಾಜ್ಯದಲ್ಲೆಲ್ಲ ನೋಂದಣಿಗೆ ಅಡಚಣೆಯಾಯಿತು. ಯಾರೋ ೬೨ ಇ-ಮೇಲ್ ಖಾತೆಗಳನ್ನು ಬಳಸಿ, ೧೪ ಐ.ಪಿ. ವಿಳಾಸಗಳಿಂದ ಸುಳ್ಳು ಕೋರಿಕೆಗಳನ್ನು ಸುರಿದಿದ್ದರೆಂದು ಆಮೇಲೆ ತಿಳಿದುಬಂತು. ಎರಡೇ ಗಂಟೆಗಳಲ್ಲಿ ಆರು ಲಕ್ಷಕ್ಕೂ ಮಿಕ್ಕಿದ ಕೋರಿಕೆಗಳು!

ಇಂಥ ಅತಿಕ್ರಮಣವನ್ನು ಯಂತ್ರವೇ ಗುರುತಿಸಲಾರದೆ? ಹಳೆಯ ಕಳ್ಳರ ಚಹರೆಪಟ್ಟಿಯನ್ನು ಅದಕ್ಕೆ ಕೊಡಬಹುದು; ಆದರೆ ಹೊಸ ಕಳ್ಳ ಆ ಪಟ್ಟಿಯಲ್ಲಿರುವುದಿಲ್ಲ. ೧೯೮೭ರಲ್ಲಿ ಅಮೆರಿಕದ ಡೊರೊಥಿ ಡೆನ್ನಿಂಗ್ ಎಂಬ ವಿದುಷಿ ಬೇರೊಂದು ದಾರಿಯನ್ನು ವಿವರಿಸಿದರು: ನಿತ್ಯದ ನಡವಳಿಕೆಯನ್ನು ಯಂತ್ರ ದಾಖಲಿಸಿಕೊಳ್ಳಲಿ, ಅದಕ್ಕೆ ಹೊಂದದ್ದನ್ನು ಎತ್ತಿ ತೋರಿಸಲಿ. ನಮ್ಮೂರುಗಳ ಜಗಲಿಯ ಮೇಲೆ ಕುಳಿತ ಹಿರಿಯರು ಮಾಡುವುದೂ ಇದನ್ನೇ. ಯಾರು ಕಳ್ಳರೆಂದು ಮೊದಲೇ ಹೇಳಿಕೊಡದೆ, ಬರಿಯ ದಾಖಲೆಗಳಿಂದಲೇ ಯಂತ್ರ ತಾನಾಗಿ ಕಲಿಯುವುದಕ್ಕೆ ಮೇಲ್ವಿಚಾರಣೆಯಿಲ್ಲದ ಕಲಿಕೆ ಎಂದು ಹೆಸರು.

೨೦೦೮ರಲ್ಲಿ ಪ್ರಕಟವಾದ ಒಂದು ವಿಧಾನ ನಮಗೆ ಬಹಳ ಹಿಡಿಸಿತು. ತೋಟದಲ್ಲಿ ಮನಬಂದಂತೆ ಬೇಲಿ ಹಾಕುತ್ತ ಹೋದರೆ, ದೂರದಲ್ಲಿ ನಿಂತ ಒಂಟಿ ಮರ ಎರಡು ಮೂರು ಬೇಲಿಗಳಿಗೇ ಬೇರೆಯಾಗಿಬಿಡುತ್ತದೆ. ಸಾಲಿನ ನಡುವಿನ ಮರವನ್ನು ಬೇರ್ಪಡಿಸಲು ಹತ್ತಾರು ಬೇಲಿಗಳು ಬೇಕು. ಪ್ರತಿಯೊಂದು ಕೋರಿಕೆಯನ್ನೂ ಒಂದು ಮರವೆಂದು ಭಾವಿಸಿದರೆ, ಬೇಗನೆ ಒಂಟಿಯಾದದ್ದೇ ಶಂಕಾಸ್ಪದ.

ಆದರೆ ಕಳ್ಳರು ವಿರಳವೆಂಬ ನಂಬಿಕೆ ಇದರ ತಳಹದಿ. ಒಂದೇ ಬಗೆಯ ಲಕ್ಷಾಂತರ ಸುಳ್ಳು ಕೋರಿಕೆಗಳು ಬಂದಾಗ ಅವುಗಳದೇ ದಟ್ಟ ತೋಪಾಗುತ್ತದೆ. ಒಂಟಿಯಾಗಿ ಕಾಣುವವನು ಆಗ ನಿಟ್ಟೂರಿನ ಬಡ ರೈತ! ಆದುದರಿಂದ ಕೋರಿಕೆಗಳನ್ನಲ್ಲ, ಅವು ಹೊರಟ ವಿಳಾಸಗಳನ್ನು ಮರವಾಗಿ ಎಣಿಸಬೇಕು. ಆಗ ಸಾವಿರಾರು ವಿಳಾಸಗಳ ನಡುವೆ ಆ ಹದಿನಾಲ್ಕು ಎದ್ದು ಕಾಣುತ್ತವೆ.

ಕೇವಲ ಒಟ್ಟು ಸಂಖ್ಯೆಯನ್ನು ನೋಡಿದರೂ ಮೋಸವೇ. ೨೦೨೩ರ ಅಕ್ಟೋಬರ್ ೧ರಿಂದ ಮಾರ್ಗಸೂಚಿ ದರ ಏರುವುದೆಂದು ತಿಳಿದು, ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಜನ ನೋಂದಣಿಗೆ ಮುಗಿಬಿದ್ದರು. ಅದೂ ಅಸಾಧಾರಣವೇ, ಆದರೆ ಅಪರಾಧವಲ್ಲ. ಏರಿಕೆಯ ಆದೇಶವನ್ನು ಯಂತ್ರ ಓದಿರುವುದಿಲ್ಲವಷ್ಟೆ.

ಹಳ್ಳಿಗಳ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಸ್ವಂತ ಗಣಕಯಂತ್ರವಿಲ್ಲದವರು ಊರಿನ ಸೈಬರ್ ಅಂಗಡಿಗೆ ಹೋಗುತ್ತಾರೆ. ಹತ್ತಾರು ಮನೆಗಳ ಕೋರಿಕೆ ಅಲ್ಲಿಂದ ಒಂದೇ ವಿಳಾಸದ ಹೆಸರಿನಲ್ಲಿ ಹೊರಡುತ್ತದೆ. ಯಂತ್ರದ ಕಣ್ಣಿಗೆ ಆ ಅಂಗಡಿಯೇ ಹದಿನೈದನೆಯ ಕಳ್ಳ. ಅದರ ಬಾಗಿಲು ಮುಚ್ಚುವ ಮೊದಲು ಗುಬ್ಬಿಗೊಂದು ದೂರವಾಣಿ ಕರೆ ಮಾಡಿ ವಿಚಾರಿಸುವ ಅಧಿಕಾರಿಯೊಬ್ಬರನ್ನು ಯಂತ್ರದ ಪಕ್ಕದಲ್ಲಿ ಕೂರಿಸಬೇಕೆಂದು ನಾವು ಕೇಳುತ್ತೇವೆ.